ಕಲಿಯಲು ಬಂದವನ ಕೈಗೆ ಪೊರಕೆ

(ಬೀದರ ನಗರದ ಚಿದ್ರಿಯಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯಲ್ಲಿ, ಸಣ್ಣ ಕೈಗಾರಿಕೆ ನಡೆಸುವ ಶರಣರೊಬ್ಬರು ಆಡಿದ ಮಾತುಗಳ ಬರಹರೂಪ)



ಇವತ್ತಿನ ಗೋಷ್ಠಿಗೆ 'ಕಾಯಕ ಮತ್ತು ಯುವಜನ' ಎಂಬ ವಿಷಯ ಇಟ್ಟಿದ್ದಾರೆ. ವಚನಗಳ ಅರ್ಥ ಬಿಡಿಸಿ ಹೇಳಬಲ್ಲವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ನನ್ನನ್ನು ಕರೆದದ್ದು, ನಾನು ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು ನಡೆಸುತ್ತೇನೆ ಎಂಬ ಕಾರಣಕ್ಕೆ. ನಾಲ್ಕು ಲೇತು, ಒಂದು ಮಿಲ್ಲಿಂಗ್ ಮಷೀನು, ಒಂದು ಡ್ರಿಲ್ಲಿಂಗ್ ಮಷೀನು, ಬ್ಯಾಂಕಿನ ಸಾಲದಲ್ಲಿ ತಂದ ಒಂದು ಸಿಎನ್‌ಸಿ, ಒಂಬತ್ತು ಜನ ಕೆಲಸಗಾರರು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಸಾಗಿಸುವ ಚೈನಿನ ಪಿನ್ನು, ಬುಶ್ಶು, ಔಷಧ ಕಾರ್ಖಾನೆಯ ಮಷೀನುಗಳಿಗೆ ಶಾಫ್ಟು, ಇಂಥವನ್ನು ಮಾಡಿಕೊಡುತ್ತೇವೆ. ನಮ್ಮ ವಸ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಕೆಟ್ಟಾಗ ಮಾತ್ರ ನಮಗೆ ಫೋನ್ ಬರುತ್ತದೆ.

ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ತಪ್ಪು ನನ್ನದೇ.

ಕೆಲವು ವರ್ಷಗಳ ಹಿಂದೆ ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯಿಂದ ಡಿಪ್ಲೊಮಾ ಓದುವ ಹುಡುಗನೊಬ್ಬ ಬಂದ. ಕಾಲೇಜಿನ ಪತ್ರ ತಂದಿದ್ದ. ಒಂದು ತಿಂಗಳ ತರಬೇತಿ ಬೇಕಿತ್ತು. ನಾನು ಆಗಲಿ ಅಂದೆ. ಅದು ಕಬ್ಬು ನುರಿಸುವ ಕಾಲ. ನಮಗೆ ಉಸಿರಾಡಲು ಪುರುಸೊತ್ತು ಇರುವುದಿಲ್ಲ. ಹುಡುಗ ಬೆಳಗಿನ ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುತ್ತಿದ್ದ. ಮೊದಲ ದಿನ ಅವನ ಕೈಗೆ ಪೊರಕೆ ಕೊಟ್ಟೆ. ಲೇತಿನ ಕೆಳಗೆ ಬಿದ್ದ ಕಬ್ಬಿಣದ ಸುರುಳಿ ಗುಡಿಸಿದ. ಎರಡನೆಯ ದಿನ ಚಹಾ ತಂದ. ಮೂರನೆಯ ದಿನದಿಂದ ಲಾರಿಯಿಂದ ಸರಳು ಇಳಿಸಿದ, ಮಾಡಿದ ಪಿನ್ನಿಗೆ ಎಣ್ಣೆ ಸವರಿ ಗೋಣಿಚೀಲಕ್ಕೆ ತುಂಬಿದ. ಬಹಳ ಚುರುಕಿನ ಹುಡುಗ. ಒಂದು ದಿನವೂ ತಪ್ಪಿಸಲಿಲ್ಲ. ನಾನು ಮನೆಯಲ್ಲಿ ಹೇಳಿಕೊಂಡೆ: ಈ ಸಲ ಸೀಜನ್ನಿಗೆ ಕೂಲಿಯವನನ್ನು ಇಡುವ ಖರ್ಚು ಉಳಿಯಿತು ಅಂತ.

ಕೊನೆಯ ದಿನ ಪ್ರಮಾಣಪತ್ರಕ್ಕೆ ಸಹಿ ಹಾಕಿ ಕೊಟ್ಟೆ. ಅದರಲ್ಲಿ ಏನು ಬರೆದಿತ್ತು ಗೊತ್ತೆ? 'ಯಂತ್ರೋಪಕರಣಗಳ ಮೇಲೆ ತೃಪ್ತಿಕರವಾಗಿ ತರಬೇತಿ ಪಡೆದಿದ್ದಾರೆ.' ಹುಡುಗ ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬಾಗಿಲ ಹತ್ತಿರ ನಿಂತ. ಹೋಗಲಿಲ್ಲ. "ಸರ್, ಒಂದ್ಸಲ ನಾ ಆ ಮಷೀನ್ ಚಾಲೂ ಮಾಡ್ಲೇನ್ರಿ?" ಅಂದ. ಹೊರಗೆ ಲಾರಿ ನಿಂತಿತ್ತು. "ಇವತ್ ಆಗಂಗಿಲ್ಲಪ್ಪಾ, ಮುಂದ್ ಯಾವಾಗರ ಬಾ" ಅಂದುಬಿಟ್ಟೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಚೆನ್ನಾಗಿ ನಿದ್ದೆ ಬಂತು. ಅದು ತಪ್ಪು ಅಂತ ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಗೊತ್ತಾದದ್ದು ಇಂಥದೇ ಒಂದು ಗೋಷ್ಠಿಯಲ್ಲಿ. ಶರಣೆಯೊಬ್ಬರು ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳುತ್ತಿದ್ದರು. ನಮಗೆಲ್ಲ ಬಾಯಿಪಾಠವಾದ ಕಥೆ. ಮಾರಯ್ಯ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಇದು ನಮ್ಮ ಪಾಲಿನದಲ್ಲ, ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳಿಸಿದಳು. ಇಷ್ಟೇ ಕಥೆ. ನೂರು ಸಲ ಕೇಳಿದ್ದೆ. ಪ್ರತಿ ಸಲವೂ ಲಂಚ ತಿನ್ನುವವರನ್ನು, ತೂಕದಲ್ಲಿ ಮೋಸ ಮಾಡುವ ವ್ಯಾಪಾರಿಗಳನ್ನು ನೆನಪಿಸಿಕೊಂಡು ತಲೆದೂಗಿದ್ದೆ. ಅವತ್ತು ಮಾತ್ರ ಆ ಹುಡುಗ ನೆನಪಾದ. ಕಲಿಯಲು ಬಂದವನಿಂದ ಒಂದು ತಿಂಗಳು ದುಡಿಸಿಕೊಂಡು, ಕಲಿಸದೆ ಕಳಿಸಿದೆನಲ್ಲ, ಅದು ಹೆಚ್ಚಿನ ಅಕ್ಕಿ. ಅದು ನಮ್ಮ ಮನೆಯಲ್ಲಿ ಬೆಂದು, ನಾವು ಉಂಡೂ ಆಗಿತ್ತು. ಎಲ್ಲಿ ತಿರುಗಿ ಸುರಿಯಲಿ?

ತಪ್ಪು ತಿಳಿಯಬೇಡಿ. ಗುಡಿಸುವುದು ಕೀಳು ಕೆಲಸ ಅಂತ ನಾನು ಹೇಳುತ್ತಿಲ್ಲ. ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಸತ್ಯಕ್ಕನ ಪರಂಪರೆ ನಮ್ಮದು. ನಮ್ಮ ಶೆಡ್ಡಿನಲ್ಲಿ ಈಗಲೂ ಸಂಜೆ ಐದೂವರೆಗೆ ಎಲ್ಲರೂ ತಮ್ಮ ತಮ್ಮ ಮಷೀನಿನ ಸುತ್ತ ಗುಡಿಸುತ್ತಾರೆ, ನಾನೂ ಗುಡಿಸುತ್ತೇನೆ. ಮಷೀನ್ ಕಲಿಸುತ್ತೇನೆ ಎಂದು ಒಪ್ಪಿಕೊಂಡು ಪೊರಕೆ ಮಾತ್ರ ಕೊಟ್ಟದ್ದು, ಕೊನೆಗೆ ಕಲಿಸಿದ್ದೇನೆ ಅಂತ ಕಾಗದದ ಮೇಲೆ ಸುಳ್ಳು ಬರೆದದ್ದು, ಅಪರಾಧ ಇದು.

ಈಗ ಇಲ್ಲಿ ಕುಳಿತಿರುವಾಗಲೇ ಎರಡು ಸಲ ವಿಮಾನದ ಸದ್ದು ಬಂತು. ಚಿದ್ರಿಯವರಿಗೆ ಅದು ಸದ್ದೇ ಅಲ್ಲ. ದನಕರುಗಳು ಸಹ ಕತ್ತೆತ್ತಿ ನೋಡುವುದಿಲ್ಲ. ನಮ್ಮ ವಾಯುನೆಲೆ ಪೈಲಟ್‌ಗಳಿಗೆ ತರಬೇತಿ ಕೊಡುವ ನೆಲೆ. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲಿಯೇ. ಅವರು ಆಗ ಹಾರಿಸುತ್ತಿದ್ದ ಕಿರಣ್ ವಿಮಾನ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿನ್ಯಾಸಗೊಂಡು ತಯಾರಾದದ್ದು. ಈಗಿನ ಹಾಕ್ ವಿಮಾನಗಳೂ ಪರವಾನಗಿ ಪಡೆದು ಅಲ್ಲಿಯೇ ತಯಾರಾದವು. ಈ ತರಬೇತಿ ವಿಮಾನಗಳಲ್ಲಿ ಎರಡು ಆಸನ ಇರುತ್ತವೆ. ಒಂದರಲ್ಲಿ ಕಲಿಯುವವನು, ಇನ್ನೊಂದರಲ್ಲಿ ಕಲಿಸುವವನು. ಎರಡೂ ಕಡೆ ಹಿಡಿಕೆ ಇರುತ್ತದೆ. ಪುಸ್ತಕ ಓದಿ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆದರೂ ಯಾರೂ ಅವನೊಬ್ಬನನ್ನೇ ಹತ್ತಿಸಿ ಹಾರಿಸು ಅನ್ನುವುದಿಲ್ಲ. ಹಾಗೆಯೇ, ಗುರು ಪಕ್ಕದಲ್ಲಿರುವಾಗ ಹಿಡಿಕೆ ಮುಟ್ಟಬೇಡ ಅಂತಲೂ ಅನ್ನುವುದಿಲ್ಲ.

ತಲೆಯ ಮೇಲೆ ಹೀಗೆ ನಡೆಯುತ್ತಿದೆ. ನೆಲದ ಮೇಲೆ ಹೇಗೆ ನಡೆದಿದೆ ನೋಡಿ.

ಈಗ ನಮ್ಮಲ್ಲಿಗೆ ಹುಡುಗರು ಬಂದರೆ ಮೊದಲ ದಿನ ಒಂದು ಪಿನ್ನು ಕೊಟ್ಟು, ವರ್ನಿಯರ್ ಕೊಟ್ಟು, ಎಷ್ಟು ದಪ್ಪ ಇದೆ ಹೇಳಿ ಅನ್ನುತ್ತೇನೆ. ಒಂದು ವರ್ಷ ಹತ್ತು ಜನ ಅಳೆದರು. ಒಂದೇ ಪಿನ್ನಿಗೆ ಏಳು ಬೇರೆ ಬೇರೆ ಅಳತೆ ಬಂದವು. ಒಬ್ಬ ಹುಡುಗ 'ಲೀಸ್ಟ್ ಕೌಂಟ್' ಅಂದರೆ ಏನು ಅಂತ ತಪ್ಪಿಲ್ಲದೆ ಇಂಗ್ಲಿಷಿನಲ್ಲಿ ಹೇಳಿದ. ಅವನದೇ ಅಳತೆ ಎಲ್ಲರಿಗಿಂತ ದೂರ ಇತ್ತು. ವರ್ನಿಯರಿನ ಬಾಯಿ ಮುಚ್ಚಿದಾಗ ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ಎಂದು ಮೊದಲು ನೋಡಬೇಕು. ಅದನ್ನು ಒಬ್ಬನೂ ನೋಡಲಿಲ್ಲ. ಮೇಷ್ಟ್ರುಗಳನ್ನು ದೂರುವುದು ಸುಲಭ. ಆದರೆ ಒಂದು ಲೇತಿನ ಸುತ್ತ ಮೂವತ್ತು ಹುಡುಗರು ನಿಂತರೆ, ಮುಂದಿನ ನಾಲ್ವರಿಗೆ ಮಷೀನ್ ಕಾಣುತ್ತದೆ, ಉಳಿದವರಿಗೆ ಮುಂದಿನವರ ಬೆನ್ನು ಕಾಣುತ್ತದೆ. ಮೇಷ್ಟ್ರು ಏನು ಮಾಡಬೇಕು?

ಅಳತೆಯ ಮಾತು ಬಂತು, ಸ್ವಲ್ಪ ಹೇಳಿಬಿಡುತ್ತೇನೆ, ಅಕ್ಕಂದಿರು ಬೇಸರಪಡಬಾರದು. 25 ಮಿಲಿಮೀಟರಿನ ಬುಶ್ಶಿಗೆ ರಂಧ್ರ ಕೊರೆಯಬೇಕು ಅಂತ ಡ್ರಾಯಿಂಗ್ ಬರುತ್ತದೆ. 25ರ ಪಕ್ಕದಲ್ಲಿ ಎಚ್7 ಅಂತ ಬರೆದಿರುತ್ತಾರೆ. ಆ ಎರಡು ಅಕ್ಷರದ ಅರ್ಥ: ರಂಧ್ರ 25ಕ್ಕಿಂತ ಕೂದಲಷ್ಟೂ ಕಡಿಮೆ ಆಗಬಾರದು, ಹೆಚ್ಚಾದರೆ 0.021 ಮಿಲಿಮೀಟರ್ ತನಕ ನಡೆಯುತ್ತದೆ. ನಮ್ಮ ತಲೆಗೂದಲು ಹತ್ತಿರ ಹತ್ತಿರ 0.07 ಮಿಲಿಮೀಟರ್ ದಪ್ಪ ಇರುತ್ತದೆ. ಅಂದರೆ ಕೂದಲಿನ ಮೂರನೆಯ ಒಂದು ಪಾಲಿನಷ್ಟು ಜಾಗದೊಳಗೆ ನಮ್ಮ ಸತ್ಯ ಇರಬೇಕು. ಅದನ್ನು ಮೀರಿದರೆ ಬುಶ್ಶು ಸಡಿಲಾಗಿ, ಪಿನ್ನು ಬಡಿದು, ಚೈನು ಹರಿದು, ಹೊರಗೆ ರೈತರ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತವೆ. ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ. ನಷ್ಟ ಯಾರಿಗೆ? ಶೆಡ್ಡಿನಲ್ಲಿ ಸುಳ್ಳು ಅಳತೆ ಹೇಳಿದವನಿಗೆ ಅಲ್ಲ. ಕಾಯಕದಲ್ಲಿ ಸತ್ಯಶುದ್ಧ ಎನ್ನುವ ಮಾತು ನಮ್ಮ ಕೈಯಲ್ಲಿ ಮೈಕ್ರೋಮೀಟರ್ ಹಿಡಿದು ಅಳೆಯಬಹುದಾದ ಮಾತು.

ಎರಡನೆಯ ದಿನ ಲೆಕ್ಕ. 28 ಮಿಲಿಮೀಟರಿನ ಸರಳು ತಂದು, 25 ಮಿಲಿಮೀಟರ್ ದಪ್ಪ, 100 ಮಿಲಿಮೀಟರ್ ಉದ್ದದ ಪಿನ್ನು ಮಾಡುತ್ತೇವೆ. ತುಂಡು ಎಷ್ಟು ತೂಕ, ಪಿನ್ನು ಎಷ್ಟು ತೂಕ ಅಂತ ಕೇಳುತ್ತೇನೆ. ಸಿಲಿಂಡರಿನ ಘನಫಲದ ಸೂತ್ರ ಶಾಲೆಯ ದಿನಗಳಿಂದ ಗೊತ್ತಿರುವ ಹುಡುಗರು ಸುಮ್ಮನೆ ನಿಲ್ಲುತ್ತಾರೆ. ಅದು ಪರೀಕ್ಷೆಯಲ್ಲಿ ಬರುವ ಸೂತ್ರ, ಕಬ್ಬಿಣಕ್ಕೆ ಹಚ್ಚುವ ಸೂತ್ರ ಅಲ್ಲ ಅಂತ ಅವರು ಎಲ್ಲೋ ನಂಬಿಬಿಟ್ಟಿದ್ದಾರೆ. ಮಾಡಿ ನೋಡಿದರೆ ತುಂಡು ಸುಮಾರು 483 ಗ್ರಾಂ, ಪಿನ್ನು 385 ಗ್ರಾಂ. 98 ಗ್ರಾಂ ಸುರುಳಿಯಾಗಿ ನೆಲಕ್ಕೆ. ಐದರಲ್ಲಿ ಒಂದು ಪಾಲು. ಕೊಂಡದ್ದು ಸರಳಿನ ಬೆಲೆಗೆ, ಮಾರುವುದು ಗುಜರಿಯ ಬೆಲೆಗೆ. 26ರ ಸರಳು ಸಿಕ್ಕರೆ ಎಷ್ಟು ಉಳಿಯುತ್ತದೆ? ಸರಳು ಸೊಟ್ಟಗಿದ್ದರೆ 26 ಸಾಲುತ್ತದೆಯೇ? ಈ ಪ್ರಶ್ನೆ ಕೇಳಿದಾಗ ಹುಡುಗರ ಕಣ್ಣು ಬದಲಾಗುತ್ತದೆ. ಮರುದಿನ ಒಬ್ಬಿಬ್ಬರು ಮನೆಯಿಂದಲೇ ಲೆಕ್ಕ ಮಾಡಿಕೊಂಡು ಬರುತ್ತಾರೆ.

ಮಾತಿನ ತೊಡಕು ಇನ್ನೊಂದು. ಔರಾದಿನ ಹುಡುಗನ ಮನೆಮಾತಿನಲ್ಲಿ ಮರಾಠಿ ಬೆರೆತಿರುತ್ತದೆ, ಬೀದರಿನ ಹುಡುಗನದು ದಖನಿ, ಪುಸ್ತಕ ಇಂಗ್ಲಿಷಿನದು, ನಮ್ಮ ಹಳೆಯ ಮಿಸ್ತ್ರಿ ಲೇತಿಗೆ ಖರಾದ್ ಅನ್ನುತ್ತಾರೆ. ಡ್ರಾಯಿಂಗಿನ ಮೂಲೆಯಲ್ಲಿ ಬರೆದ ಇಂಗ್ಲಿಷ್ ಸೂಚನೆ ಅರ್ಥವಾಗದೆ ಸುಮ್ಮನೆ ತಲೆಯಾಡಿಸಿ ಹೋಗಿ, ಮಾಲು ಕೆಡಿಸಿದವರನ್ನು ನೋಡಿದ್ದೇನೆ. ಕೇಳಲು ನಾಚಿಕೆ. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಅವರು ಅಷ್ಟು ಕಷ್ಟಪಟ್ಟದ್ದು ಮಕ್ಕಳು ತಿಳಿಯುವ ಮಾತಿನಲ್ಲಿ ಕಲಿಯಲಿ ಅಂತ. ನಾನು ಮಾಡಿದ್ದು ಬಹಳ ಸಣ್ಣದು. ಶೆಡ್ಡಿನ ಗೋಡೆಗೆ ದೊಡ್ಡ ಹಲಗೆ ಹಾಕಿ, ಡ್ರಾಯಿಂಗಿನಲ್ಲಿ ಬರುವ ಅರವತ್ತು ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಸಿ, ಪಕ್ಕದಲ್ಲಿ ಅರ್ಥ ಬರೆಸಿದೆ. ಈಗ ಕೇಳಲು ನಾಚುವವನು ಗೋಡೆ ನೋಡುತ್ತಾನೆ. ನಿಜಕ್ಕೂ ಕೆಲವು ಇಂಜಿನಿಯರಿಂಗ್ ಕಾಲೇಜುಗಳ ವಿಷಯದಲ್ಲಿ ನನಗೆ ಉಲ್ಟಾ ಅನ್ನಿಸುತ್ತದೆ: ಪಟ್ಟದ್ದೇವರ ಬೋರ್ಡಿಗಿಂತ ಒಳಗಿನ ಶಾಲೆ ದೊಡ್ಡದಿತ್ತು, ಈಗ ಬೋರ್ಡೇ ದೊಡ್ಡದು.

ಕೆಲವರು ಬರುವುದೇ ಇಲ್ಲ. ಇಂಟರ್ನ್‌ಶಿಪ್ ಕಡ್ಡಾಯ ಆದ ಮೇಲೆ ಫೋನ್ ಬರುತ್ತವೆ: "ಅಣ್ಣಾರ, ನಿಮ್ ಲೆಟರ್‌ಹೆಡ್ ಮ್ಯಾಲ್ ಒಂದ್ ಸರ್ಟಿಫಿಕೇಟ್ ಕೊಡ್ರಿ, ಹುಡುಗ ಬರೋದೇನ್ ಬ್ಯಾಡ." ಕೇಳುವವರು ನಮ್ಮ ಸಂಬಂಧಿಕರೇ, ಈ ಸಭೆಗೆ ಬರುವವರೇ. ನಾನೂ ಹಿಂದೆ ಕೊಟ್ಟಿದ್ದೇನೆ. ಈಗ ಕೊಡುವುದಿಲ್ಲ. ಇಬ್ಬರು ನೆಂಟರು ಮಾತು ಬಿಟ್ಟಿದ್ದಾರೆ.

ನಮ್ಮ ಕಡೆಯ ಕಷ್ಟವನ್ನೂ ಹೇಳಬೇಕು. ಇಲ್ಲಿ ಹತ್ತಾರು ಜನ ಸಣ್ಣ ಉದ್ಯಮಿಗಳು ಕುಳಿತಿದ್ದೀರಿ, ನಾನು ಏನು ಹೇಳುತ್ತೇನೆ ನಿಮಗೆ ಗೊತ್ತು. ಮಾಲು ಕೊಟ್ಟ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತಲೂ ಹೇಳುತ್ತದೆ. ಆ ಬಡ್ಡಿ ಕೇಳಿದವನಿಗೆ ಮುಂದಿನ ಆರ್ಡರ್ ಬರುತ್ತದೆಯೇ? ನುರಿಸುವ ಸೀಜನ್ನಿನಲ್ಲಿ ಕೊಟ್ಟ ಮಾಲಿನ ಹಣ ಮುಂಗಾರು ಬಿತ್ತನೆಯ ಹೊತ್ತಿಗೂ ಕೈಗೆ ಬಾರದ ವರ್ಷಗಳಿವೆ. ಅಷ್ಟರೊಳಗೆ ಜಿಎಸ್‌ಟಿ ಕಟ್ಟಿರಬೇಕು, ಸಾಲದ ಕಂತು ಕಟ್ಟಿರಬೇಕು, ಒಂಬತ್ತು ಮನೆಗೆ ಪಗಾರ ಹೋಗಿರಬೇಕು. ಇಂಥ ಸ್ಥಿತಿಯಲ್ಲಿ ಹೊಸ ಹುಡುಗ ಒಂದು ಟೂಲ್ ಮುರಿದರೆ ಸಿಟ್ಟು ಬರುತ್ತದೆ. ಒಂದು ಮಷೀನನ್ನು ಎರಡು ತಾಸು ಕಲಿಯುವವರಿಗೆ ಬಿಟ್ಟರೆ ಅಷ್ಟು ಪಿನ್ನು ಕಡಿಮೆಯಾಗುತ್ತವೆ. ಅದೆಲ್ಲ ಖರೆ.

ಇನ್ನೊಂದು ಮಾತು ಎಲ್ಲರ ಬಾಯಲ್ಲಿ: "ಕಲಿಸಿದ್ ಮ್ಯಾಲ್ ಓಡ್ ಹೋಗ್ತಾರ್ರಿ." ಹೋಗುತ್ತಾರೆ. ಗಡಿ ದಾಟಿದರೆ ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ಇದೆ, ಇನ್ನೂ ಮುಂದೆ ಪಟಾನ್‌ಚೆರು, ಹೈದರಾಬಾದ್, ಆ ಕಡೆ ಪುಣೆಯ ಚಾಕಣ. ನನಗಿಂತ ಹೆಚ್ಚು ಪಗಾರ ಕೊಡುತ್ತಾರೆ. ನಾನು ಕಲಿಸಿದ ಮೂವರು ಹೋಗಿದ್ದಾರೆ. ಮೊದಲನೆಯವನು ಹೋದಾಗ ಬಹಳ ಬೈದೆ. ಆಮೇಲೆ ನನ್ನ ಹೆಂಡತಿ ಒಂದು ಮಾತು ಕೇಳಿದಳು: "ನೀವ್ ಕಲ್ತದ್ದು ಎಲ್ಲಿ? ಅಲ್ಲೇ ಉಳಿದ್ರೇನು?" ನಾನು ಕಲಿತದ್ದು ಬೆಂಗಳೂರಿನ ಪೀಣ್ಯದಲ್ಲಿ, ಒಬ್ಬ ಹಿರಿಯ ಟರ್ನರ್ ಕೈಕೆಳಗೆ. ಆರು ವರ್ಷ ಇದ್ದು, ಒಂದು ದಿನ ಬೀದರಿಗೆ ಬಂದುಬಿಟ್ಟೆ. ಅವರು ನನ್ನನ್ನು ಬೈಯಲಿಲ್ಲ. ಅವರ ಹಳೆಯ ಮೈಕ್ರೋಮೀಟರ್ ಕೊಟ್ಟು ಕಳಿಸಿದರು. ಅದು ಇನ್ನೂ ನನ್ನ ಮೇಜಿನ ಮೇಲಿದೆ. ದಾಸೋಹದಲ್ಲಿ ಉಂಡವನು ನಾಳೆ ನಮ್ಮ ಹೊಲದಲ್ಲಿ ದುಡಿಯಬೇಕು ಅಂತ ಯಾವ ಮಠವೂ ಕರಾರು ಬರೆಸಿಕೊಂಡಿಲ್ಲ. ಕೈಕೆಲಸ ಕಲಿಸುವುದಕ್ಕೆ ಮಾತ್ರ ಯಾಕೆ ಬೇರೆ ನಿಯಮ?

ನಮ್ಮ ಊರಿನ ಬಿದರಿ ಕಲೆಯವರನ್ನು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುವುದು, ಅರದಿಂದ ಉಜ್ಜಿ ನುಣುಪು ಮಾಡುವುದು, ಚಿತ್ರ ಕೆತ್ತುವುದು, ಬೆಳ್ಳಿ ಕೂರಿಸುವುದು, ಕೊನೆಗೆ ಕೋಟೆಯ ಮಣ್ಣು, ನವಸಾಗರ ಕುದಿಸಿದ ನೀರಿನಲ್ಲಿ ಕಪ್ಪು ಮಾಡುವುದು. ಯಾವ ಮಣ್ಣು ನಡೆಯುತ್ತದೆ ಅಂತ ನಾಲಿಗೆಗೆ ಹಚ್ಚಿ ರುಚಿ ನೋಡಿ ಹೇಳುವ ಉಸ್ತಾದರಿದ್ದಾರೆ. ಆ ರುಚಿ ಪುಸ್ತಕದಲ್ಲಿ ಬರೆಯಲು ಬರುವುದಿಲ್ಲ. ಪಕ್ಕದಲ್ಲಿ ಕುಳಿತವನಿಗೆ ಮಾತ್ರ ಬರುತ್ತದೆ. 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಪೇಟೆಯಲ್ಲಿ ಪೇಢಾ ಹಂಚಿದೆವು. ಒಂದು ಸಣ್ಣ ಕೋಣೆಯಲ್ಲಿ ಕುಳಿತು ಮಾಡುವ ಕೆಲಸ ಬೀದರಿನ ಹೆಸರನ್ನು ಲೋಕಕ್ಕೆ ಒಯ್ದಿತು. ಅವರ ಮಕ್ಕಳ ಕೈಗೆ ಮಸಿ ಹತ್ತುತ್ತದೆ ಅಂತ ಅವರು ಹೆದರಲಿಲ್ಲ.

ನಾವು ಹೆದರುತ್ತೇವೆ. ಕಾಯಕದ ಮಾತು ಎಲ್ಲ ಮನೆಯ ಬಾಗಿಲ ಮೇಲೆ ಬರೆಸಿದ್ದೇವೆ. ಒಳಗೆ ಹೋಗಿ ನೋಡಿದರೆ, ಮಗ ಸರಕಾರಿ ನೌಕರಿಯ ಪರೀಕ್ಷೆಗೆ ಆರನೆಯ ವರ್ಷ ಓದುತ್ತಿರುತ್ತಾನೆ. 371 ಜೆ ಬಂದದ್ದರಿಂದ ನಮ್ಮ ಭಾಗದ ಮಕ್ಕಳಿಗೆ ಸೀಟು ಸಿಕ್ಕವು, ಸರಕಾರಿ ಹುದ್ದೆ ಸಿಕ್ಕವು, ಬಹಳ ದೊಡ್ಡ ಉಪಕಾರ ಆಯಿತು. ಆದರೆ ಖಾಸಗಿ ಕಾರ್ಖಾನೆಯ ಗೇಟಿನಲ್ಲಿ ಆ ಪ್ರಮಾಣಪತ್ರ ಯಾರೂ ಕೇಳುವುದಿಲ್ಲ. ಅಲ್ಲಿ ವರ್ನಿಯರ್ ಕೊಡುತ್ತಾರೆ. ಇನ್ನು ಮದುವೆಯ ಮಾತು. ನಮ್ಮ ಶೆಡ್ಡಿನ ಸಿಎನ್‌ಸಿ ಹುಡುಗ ಒಂದು ಕಚೇರಿಯ ಗುತ್ತಿಗೆ ನೌಕರನಿಗಿಂತ ಹೆಚ್ಚು ದುಡಿಯುತ್ತಾನೆ. ಅವನ ಉಗುರಿನಲ್ಲಿ ಗ್ರೀಸ್ ಇದೆ ಅಂತ ಎರಡು ಮನೆಯವರು ಹೆಣ್ಣು ಕೊಡಲಿಲ್ಲ. ಎರಡೂ ಮನೆಯಲ್ಲಿ ಬಸವಣ್ಣನವರ ಫೋಟೋ ಇತ್ತು, ನಾನೇ ನೋಡಿ ಬಂದಿದ್ದೇನೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ತರಬೇತಿಗೆ ಹುಡುಗನನ್ನು ಕಳಿಸುತ್ತೇನೆ ಅಂತ ಫೋನ್ ಬಂದರೆ ಹಿಂದೆ ನನ್ನ ಬಾಯಿಂದ ಬರುತ್ತಿದ್ದ ಮೊದಲ ಪ್ರಶ್ನೆ: "ಯಾವ್ ಪೈಕಿ?" ಅಂಕ ಎಷ್ಟು, ಕೈ ಹೇಗಿದೆ ಅನ್ನುವುದು ಆಮೇಲೆ. ಹರಳಯ್ಯ-ಮಧುವರಸರ ಸಂಬಂಧಕ್ಕಾಗಿ ಶರಣರು ರಕ್ತ ಚೆಲ್ಲಿದ ಕಲ್ಯಾಣ ನಮ್ಮ ಜಿಲ್ಲೆಯಲ್ಲಿಯೇ ಇದೆ. ಅಲ್ಲಿಗೆ ವರ್ಷಕ್ಕೊಮ್ಮೆ ಹೋಗಿ ಬಂದು, ಸೋಮವಾರ ಶೆಡ್ಡಿನಲ್ಲಿ 'ಯಾವ ಪೈಕಿ' ಕೇಳುತ್ತಿದ್ದೆ. ಈಗ ಅರ್ಜಿಯಲ್ಲಿ ಹೆಸರು, ಊರು, ಕಾಲೇಜು ಮಾತ್ರ ಬರೆಸುತ್ತೇನೆ. ಲೇತಿನ ಮುಂದೆ ನಿಂತಾಗ ಅಳತೆ ಒಂದೇ ಇರುತ್ತದೆ.

ಹೆಣ್ಣುಮಕ್ಕಳ ವಿಷಯ ಹೇಳದಿದ್ದರೆ ಅಕ್ಕನವರು ನನ್ನನ್ನು ಬಿಡುವುದಿಲ್ಲ. ಔರಾದ ಕಡೆಯ ಒಬ್ಬ ಹೆಣ್ಣುಮಗಳು, ಮೆಕ್ಯಾನಿಕಲ್ ಡಿಪ್ಲೊಮಾ, ತಂದೆಯ ಜೊತೆ ಬಂದಿದ್ದಳು. ನಾನು ಕೊಟ್ಟ ಉತ್ತರ: "ತಾಯಿ, ಇಲ್ಲಿ ಹೆಣ್ಮಕ್ಕಳಿಗೆ ಶೌಚಾಲಯ ಇಲ್ಲಮ್ಮಾ." ಆಕೆಯ ತಂದೆ ಕೈಮುಗಿದು ತಿರುಗಿದರು. ಆಕೆ ಮಾತ್ರ ನಿಂತು, "ಕಟ್ಟಿಸ್ರಿ ಸರ್, ಮುಂದಿನ್ ವರ್ಷ ಬರೋರಿಗಾದ್ರೂ ಆಗ್ತದ" ಅಂದಳು. ಕಟ್ಟಿಸಿದೆ. ಒಂದು ಸಿಎನ್‌ಸಿ ಟೂಲ್ ಸೆಟ್ಟಿಗಿಂತ ಕಡಿಮೆ ಖರ್ಚು. ಹನ್ನೆರಡು ವರ್ಷದಿಂದ ಆ ಶೆಡ್ಡು ನಡೆಸುತ್ತಿದ್ದೆ, ಅಷ್ಟು ದಿನ ಹೊಳೆದಿರಲಿಲ್ಲ. ಮರುವರ್ಷ ಬೇರೆ ಇಬ್ಬರು ಬಂದರು. ಅವರಲ್ಲಿ ಒಬ್ಬಳು ಈಗ ನಮ್ಮಲ್ಲಿ ತಪಾಸಣೆಯ ಕೆಲಸ ಮಾಡುತ್ತಾಳೆ. ಆಕೆ ಬೇಡ ಅಂದ ಮಾಲನ್ನು ನಾನು ಹೋಗಲಿ ಬಿಡು ಅಂದರೂ ಕಳಿಸುವುದಿಲ್ಲ. ಕೇಳಿದವಳು ಮಾತ್ರ ಮತ್ತೆ ಬರಲಿಲ್ಲ.

ಕಲಿಸುವ ಮತ್ತು ತಯಾರಿಸುವ ಕೆಲಸ ಎರಡೂ ಒಬ್ಬನ ಕೈಯಲ್ಲಿ ಕೂಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರ್ನಾಟಕದಲ್ಲಿಯೇ ಹಳೆಯ ಉದಾಹರಣೆ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಕೆಲವು ಬಣ್ಣ ಸರಿಯಾಗಿ ಕಾಣಿಸುವುದಿಲ್ಲ ಅಂತ ಗೊತ್ತಾಗಿ, ಯಂತ್ರಗಳ ನಕ್ಷೆ ಬರೆಯುವುದಕ್ಕೆ ತಿರುಗಿದರು. ಅಲ್ಲಿನ ತಾಂತ್ರಿಕ ವಿದ್ಯಾಲಯದಲ್ಲಿ ಅದನ್ನೇ ಕಲಿಸುವ ಮೇಷ್ಟ್ರಾದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ, ಆಮೇಲೆ ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಹೊಲಕ್ಕೆ ವಿಷ ಏರುತ್ತದೆ ಅಂತ ರೈತರು ಮೊದಲು ಮುಟ್ಟಲಿಲ್ಲ. ನೇಗಿಲು ಮಾರಲು ವರ್ಷಗಳೇ ಹಿಡಿದವು. 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದಾಗ ಜೈಲಿನಿಂದ ಬಿಡುಗಡೆಯಾದವರಿಗೂ ಅಲ್ಲಿ ಕೆಲಸ ಕೊಟ್ಟರು. ಆ ನೇಗಿಲಿನ ಕಬ್ಬಿಣಕ್ಕಿಂತ ಇದು ಗಟ್ಟಿಯಾದ ಸಂಗತಿ ಅಂತ ನನಗೆ ಅನ್ನಿಸುತ್ತದೆ.

ನಾನು ಅಂಥ ದೊಡ್ಡ ಮನುಷ್ಯ ಅಲ್ಲ. ನನ್ನಂಥವರು ಮಾಡಬಹುದಾದ್ದು ಏನು ಅಂತ ಹೇಳಿ ಮುಗಿಸುತ್ತೇನೆ. ಅಪ್ರೆಂಟಿಸ್ ಕಾಯ್ದೆ 1961ರದು. 30 ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಕಡ್ಡಾಯ. 4ರಿಂದ 29 ಜನ ಇರುವ ನಮ್ಮಂಥ ಶೆಡ್ಡುಗಳಿಗೆ ಕಡ್ಡಾಯ ಇಲ್ಲ, ಮನಸ್ಸಿದ್ದರೆ ಇಡಬಹುದು. 2016ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಅವರ ಸ್ಟೈಪೆಂಡಿನ ನಾಲ್ಕನೆಯ ಒಂದು ಪಾಲು, ತಿಂಗಳಿಗೆ 1500 ರೂಪಾಯಿ ತನಕ, ಸರಕಾರ ಕೊಡುತ್ತದೆ. ಕಡ್ಡಾಯ ಇಲ್ಲ ಅನ್ನುವುದನ್ನು ನಾವು ಬೇಡ ಅಂತ ಓದಿಕೊಂಡಿದ್ದೇವೆ. ನಾನು ಈಗ ಇಬ್ಬರನ್ನು ಇಟ್ಟಿದ್ದೇನೆ. ಅದರ ಹೊರತು, ರಜೆಯಲ್ಲಿ ಬರುವ ವಿದ್ಯಾರ್ಥಿಗಳಿಗೆ ಎರಡು ಹಳೆಯ ಲೇತುಗಳನ್ನು ದಿನಾ ನಾಲ್ಕರಿಂದ ಆರರ ತನಕ ಬಿಟ್ಟುಕೊಡುತ್ತೇನೆ. ಕೆಟ್ಟ ತುಂಡನ್ನು ಬಿಸಾಡುವಂತಿಲ್ಲ. ಅದಕ್ಕೆ ತಮ್ಮ ಹೆಸರಿನ ಚೀಟಿ ಕಟ್ಟಿ, ಯಾಕೆ ಕೆಟ್ಟಿತು ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆಯಬೇಕು. ನಾನು ಕೆಡಿಸಿದ ತುಂಡೂ ಆ ಕಪಾಟಿನಲ್ಲಿದೆ, ಬಂದರೆ ನೋಡಿ.

ಒಂದು ಅಡಚಣೆ ಮಾತ್ರ ನನ್ನಿಂದ ಬಗೆಹರಿಯುವುದಿಲ್ಲ. ಔರಾದ, ಕಮಲನಗರ, ಸಂತಪುರದ ಕಡೆಯ ಮಕ್ಕಳು ಆರು ಗಂಟೆಯ ತನಕ ಲೇತಿನ ಮೇಲೆ ನಿಂತರೆ ರಾತ್ರಿ ಎಲ್ಲಿಗೆ ಹೋಗಬೇಕು? ಖೋಲಿ ಬಾಡಿಗೆ ಕೊಡುವ ಶಕ್ತಿ ಅವರಲ್ಲಿಲ್ಲ. ನಾಲ್ಕು ಗಂಟೆಗೇ ಬಸ್ಸು ಹಿಡಿಯಬೇಕು ಅಂತ ಹೋದವರು ಬಹಳ. ನಮ್ಮ ಮಠಗಳು ಈ ಭಾಗಕ್ಕೆ ಅನ್ನ ಕೊಟ್ಟಿವೆ, ಅಕ್ಷರ ಕೊಟ್ಟಿವೆ, ಪ್ರಸಾದ ನಿಲಯ ಕಟ್ಟಿಸಿವೆ. ಬೇಸಿಗೆ ರಜೆಯಲ್ಲಿ ಆ ನಿಲಯಗಳ ಕೋಣೆಗಳಿಗೆ ಬೀಗ ಬಿದ್ದಿರುತ್ತದೆ. ಪೂಜ್ಯರಲ್ಲಿ ನನ್ನ ಬೇಡಿಕೆ ಇಷ್ಟೇ: ಆ ಒಂದು ತಿಂಗಳು ಹತ್ತು ಹಾಸಿಗೆ, ರಾತ್ರಿಯ ಪ್ರಸಾದ. ಯಾವ ಪೈಕಿ ಅಂತ ಕೇಳದೆ. ಹೆಣ್ಣುಮಕ್ಕಳಿಗೆ ಅಕ್ಕನವರ ಕಡೆ ವ್ಯವಸ್ಥೆ ಆದರೆ ಇನ್ನೂ ಒಳ್ಳೆಯದು. ಹಗಲಿನ ಜವಾಬ್ದಾರಿ ಕೊಳಾರದ ನಾವು ನಾಲ್ಕೈದು ಶೆಡ್ಡಿನವರು ಹೊರುತ್ತೇವೆ. ಅವರಲ್ಲಿ ಮೂವರು ಇಲ್ಲಿಯೇ ಕುಳಿತಿದ್ದಾರೆ, ಒಪ್ಪಿದ್ದಾರೆ, ಈಗ ಎದ್ದು ಹೋಗಬಾರದು.

ಮೊದಲು ಹೇಳಿದ ಹುಡುಗನ ಮಾತು ಉಳಿಯಿತು. ಹೋದ ವರ್ಷ ಭಾಲ್ಕಿ ರೈಲು ನಿಲ್ದಾಣದಲ್ಲಿ ಸಿಕ್ಕಿದ್ದ. ಹೈದರಾಬಾದಿನಲ್ಲಿ ಬೈಕಿನ ಮೇಲೆ ಪಾರ್ಸೆಲ್ ಮುಟ್ಟಿಸುವ ಕೆಲಸ ಮಾಡುತ್ತಾನಂತೆ. ಅದೂ ಕಾಯಕವೇ, ಪ್ರಾಮಾಣಿಕವಾಗಿ ಮಾಡುತ್ತಿದ್ದಾನೆ. ನನ್ನನ್ನು ನೋಡಿ ನಮಸ್ಕಾರ ಮಾಡಿದ. ನಾನೇ ಹೇಳಿದೆ, ತಪ್ಪಾಯಿತಪ್ಪಾ ಅಂತ. ಅವನಿಗೆ ಯಾವುದು ಅಂತ ಮೊದಲು ತಿಳಿಯಲಿಲ್ಲ. ಆಮೇಲೆ ನಕ್ಕು ಕೇಳಿದ: "ಆ ಮಷೀನ್ ಇನ್ನಾ ಅದೇನ್ರಿ ಸರ್?" ಅದೆ ಅಂದೆ. ರಜೆ ಹಾಕಿ ಯಾವಾಗ ಬೇಕಾದರೂ ಬಾ, ನೀನೇ ಚಾಲೂ ಮಾಡುವಿಯಂತೆ ಅಂದೆ. ರೈಲು ಬಂತು, ಹೋದ. ಇನ್ನೂ ಬಂದಿಲ್ಲ.

ಏಪ್ರಿಲ್ ಎರಡನೆಯ ವಾರದಿಂದ ಮಕ್ಕಳು ಬರುತ್ತಾರೆ. ಹಾಸಿಗೆಯ ವಿಷಯ ಅಪ್ಪನವರು ಇವತ್ತೇ ಒಂದು ಮಾತು ಹೇಳಿದರೆ ನಾಳೆ ಕಾಲೇಜುಗಳಿಗೆ ಪತ್ರ ಬರೆಯುತ್ತೇನೆ.